ಪಿಟೀಲು ಭಾವ

ಯಾರಾದರೂ ಬಿಡದೆ ಕೊರೆಯುತ್ತಾ ಕೂತರೆ ‘ಪಿಟೀಲು ಕುಯ್ತಾನೆ’ ಎನ್ನುತ್ತಾರಲ್ಲ, ಆ ಮಾತು ಕನ್ನಡದಲ್ಲಿ ಹುಟ್ಟಿದ್ದೇ ನಮ್ಮ ಭಾವನಿಂದ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬದೆ ಇನ್ನೇನು ಮಾಡಲಿ? ಅವರು ಮಾತಿಗೆ ನಿಂತರೂ ಮುಗಿಯುತ್ತಿರಲಿಲ್ಲ, ಪಿಟೀಲು ಹಿಡಿದು ಕೂತರೂ ಮುಗಿಯುತ್ತಿರಲಿಲ್ಲ! ವ್ಯತ್ಯಾಸ ಇಷ್ಟೇ: ಅವರು ಮಾತಾಡುವಾಗ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಪಿಟೀಲು ನುಡಿಸುವಾಗ ಕಿವಿ ಮುಚ್ಚಿಕೊಂಡು ನಗುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂಡಿಗೆರೆ ಪೇಟೆಯಲ್ಲಿ ಗಂಬೂಟು, ಛತ್ರಿ, ಟಾರ್ಪಾಲುಗಳ ಅಂಗಡಿ ಇಟ್ಟುಕೊಂಡಿದ್ದರು. ಈ ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಸಾಲು ಗಂಭೀರವಾಗಿ ಬರೆಯೋಣವೆಂದು ಎಷ್ಟು ಸಲ ಕೂತೆನೋ! ಪ್ರತಿ ಸಲವೂ ಪೆನ್ನು ಕೆಳಗಿಟ್ಟು ಒಬ್ಬಳೇ ನಕ್ಕು ಎದ್ದು ಬಂದಿದ್ದೇನೆ. ಹಾಗಾಗಿ ಗಾಂಭೀರ್ಯದ ಆಸೆ ಬಿಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಅವರನ್ನು ನಾನು ಮೊದಲು ಕಂಡದ್ದು ವಸ್ತಾರೆಯ ನಮ್ಮ ಮನೆಗೆ ಅವರು ಹೆಣ್ಣು ನೋಡಲು ಬಂದಾಗ. ಉಪ್ಪಿಟ್ಟು, ಕೇಸರಿಬಾತು ಎಲ್ಲ ಆಯಿತು. ಗಂಡಿನ ಸೋದರತ್ತೆ ಬಾಯಿ ಒರೆಸಿಕೊಂಡು, “ಹುಡುಗಿ ಒಂದು ಹಾಡು ಹೇಳ್ತಾಳಾ?” ಎಂದು ಕೇಳಿದರು. ಅಕ್ಕ ತಲೆ ತಗ್ಗಿಸಿ, “ನಂಗೆ ಬರಲ್ಲ” ಅಂದಳು. ಅಪ್ಪನ ಮುಖ ಇಳಿಯಿತು. ಆಗ ಗಂಡೇ ಎದ್ದು ನಿಂತು, “ಒಬ್ರಿಗಾದ್ರೂ ಬಂದ್ರೆ ಸಾಕಲ್ವಾ? ನಾನೇ ನುಡಿಸ್ತೀನಿ ಬಿಡಿ” ಅನ್ನುತ್ತಾ ಜೀಪಿನಿಂದ ಉದ್ದನೆಯ ಪೆಟ್ಟಿಗೆಯೊಂದನ್ನು ತಂದುಬಿಟ್ಟರು! ಹೆಣ್ಣು ನೋಡಲು ಹೊರಟವರು ಪಿಟೀಲನ್ನೇಕೆ ಜೀಪಿಗೆ ಹಾಕಿಕೊಂಡಿದ್ದರು ಎಂದು ದಯವಿಟ್ಟು ಕೇಳಬೇಡಿ. ಅದಿಲ್ಲದೆ ಅವರು ಹಜಾಮತಿಗೂ ಹೋದವರಲ್ಲ.

ಅವರು ಕಮಾನು ಎಳೆದದ್ದೇ ತಡ, ಅಂಗಳದಲ್ಲಿದ್ದ ನಮ್ಮ ನಾಯಿ ಮುಖ ಮೇಲೆತ್ತಿ ಊಳಿಡತೊಡಗಿತು. ಅವರು ಮೇಲಿನ ಸ್ವರಕ್ಕೆ ಹೋದರೆ ಅದೂ ಮೇಲಕ್ಕೆ ಹೋಯಿತು. ಅಪ್ಪನಿಗೆ ಜೀವ ಬಾಯಿಗೆ ಬಂದಂತಾಗಿ, “ತಪ್ಪು ತಿಳ್ಕೋಬೇಡಿ, ನಾಯಿಗೆ ನಿನ್ನೆಯಿಂದ ಹುಷಾರಿಲ್ಲ” ಎಂದರು.

“ಇಲ್ಲ ಮಾವ, ಅದು ಶ್ರುತಿ ಸರಿಯಾಗೇ ಸೇರಿಸ್ತಾ ಇದೆ. ನಂದೇ ಸ್ವಲ್ಪ ಆಚೀಚೆ” ಎಂದರು ಅವರು.

ಸಂಬಂಧ ಇನ್ನೂ ಕೂಡಿರಲೇ ಇಲ್ಲ, ಆಗಲೇ ಮಾವ! ಅಡುಗೆಮನೆಗೆ ಓಡಿದ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೂ ನಕ್ಕೂ ನೆಲಕ್ಕೆ ಕುಸಿದಳು. ಸಂಜೆ ಅಮ್ಮ, “ಏನೇ, ಒಪ್ಪಿಗೆನಾ?” ಎಂದು ಕೇಳಿದಾಗ, “ಪಿಟೀಲು ಬಿಡಿಸಿದ್ರೆ ಒಪ್ಪಿಗೆ” ಎಂದಳು. ಮದುವೆಯಾಯಿತು. ಪಿಟೀಲು ಬಿಡಿಸಲಾಗಲಿಲ್ಲ.

ನನ್ನನ್ನು ಕಂಡರೆ ಭಾವನಿಗೆ ಚೇಷ್ಟೆ ಉಕ್ಕುತ್ತಿತ್ತು. “ನೋಡು ಮಾರಾಯ್ತಿ, ನಾದಿನಿ ಅನ್ನೋ ಹೆಸರಲ್ಲೇ ನಾದ ಇದೆ. ನಿಮ್ಮಕ್ಕನಲ್ಲಿ ಹುಡುಕಿದ್ರೂ ಸಿಗಲ್ಲ. ನಾನು ಮನೆ ತಪ್ಪಲಿಲ್ಲ, ಹುಡುಗಿ ತಪ್ಪಿದೆ!” ಎನ್ನುತ್ತಿದ್ದರು. ಅಕ್ಕ ಒಳಗಿನಿಂದಲೇ ಸೌಟು ತೋರಿಸುತ್ತಿದ್ದಳು. ಅದೇ ಅಕ್ಕನಿಗೆ ಜ್ವರ ಬಂದರೆ ಈ ಮಹಾಶಯರು ಅಂಗಡಿ ಮುಚ್ಚಿ, ಸೊಂಟಕ್ಕೆ ಟವೆಲ್ಲು ಸುತ್ತಿ ಕಡುಬು ಬೇಯಿಸಲು ನಿಲ್ಲುತ್ತಿದ್ದರು. ಆ ಕಡುಬನ್ನು ಗೋಡೆಗೆ ಎಸೆದರೆ ಗೋಡೆ ಬೀಳುತ್ತಿತ್ತು. ಅಕ್ಕ ಮಾತಾಡದೆ ತಿನ್ನುತ್ತಿದ್ದಳು.

ಅಂಗಡಿಯಲ್ಲೂ ಪಿಟೀಲಿಗೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಜಾಗ. ಗಿರಾಕಿ ಚೌಕಾಸಿ ಶುರುಮಾಡಿದರೆ ಭಾವ ವಾದ ಮಾಡುತ್ತಿರಲಿಲ್ಲ, “ಯೋಚ್ನೆ ಮಾಡ್ತಿರಿ, ಅಷ್ಟರಲ್ಲಿ ಒಂದು ರಾಗ ಮುಗಿಸ್ತೀನಿ” ಎಂದು ಕಮಾನಿಗೆ ಕೈ ಹಾಕುತ್ತಿದ್ದರು. ಒಮ್ಮೆ ಎಸ್ಟೇಟೊಂದರ ಮೇಸ್ತ್ರಿ ಆಳುಗಳಿಗೆ ಗಂಬೂಟು ಕೊಳ್ಳಲು ಬಂದವನು, ರಾಗ ಇನ್ನೂ ಶುರುವಾಗುವ ಮೊದಲೇ, “ನೀವು ಹೇಳಿದ್ದೇ ರೇಟು, ಅದನ್ನ ಒಳಗಿಡಿ ಮಾರಾಯ್ರೆ!” ಎಂದು ಕೈ ಮುಗಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಮಳೆಗಾಲ ಬಂತೆಂದರೆ ಮೂಡಿಗೆರೆಯಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಸುಮ್ಮನೆ ಕೂತ ಮನುಷ್ಯನಿಗೂ ಬೂಷ್ಟು! ಪಿಟೀಲಿಗೆ ಹಿಡಿಯಬಾರದೆಂದು ಭಾವ ಬಡಗಿಯಿಂದ ಮರದ ಪೆಟ್ಟಿಗೆ ಮಾಡಿಸಿ, ಅದರೊಳಗೆ ಬಲ್ಬು ಹಾಕಿಸಿದ್ದರು. ಮಗಳ ಯೂನಿಫಾರಂ ಒಣಗದೆ ವಾಸನೆ ಹೊಡೆಯುತ್ತಿದ್ದರೆ, ಪಿಟೀಲು ಮಾತ್ರ ಬಾಣಂತಿಯ ಹಾಗೆ ಬೆಚ್ಚಗೆ ಮಲಗಿರುತ್ತಿತ್ತು. ಅಕ್ಕ ಸುಮ್ಮನಿರುತ್ತಾಳೆಯೇ? ಮಗಳ ಕಾಲುಚೀಲಗಳನ್ನು ಗುಟ್ಟಾಗಿ ಅದೇ ಪೆಟ್ಟಿಗೆಯಲ್ಲಿ ಒಣಹಾಕತೊಡಗಿದಳು. ಕಳಸದ ನೆಂಟರ ಗೃಹಪ್ರವೇಶದಲ್ಲಿ, ಊರ ಹಿರಿಯರೆಲ್ಲ ಕೂತ ಸಭೆಯಲ್ಲಿ, ಭಾವ ಗತ್ತಿನಿಂದ ಪಿಟೀಲು ಎತ್ತಿದಾಗ ಅದರ ತಂತಿಗೆ ಸಿಕ್ಕಿಕೊಂಡು ಬಿಳಿ ಕಾಲುಚೀಲವೊಂದು ಎದ್ದು ಬಂತು. ಬೇರೆಯವರಾಗಿದ್ದರೆ ನೆಲದೊಳಗೆ ಇಳಿದುಹೋಗುತ್ತಿದ್ದರು. ಭಾವ ಅದನ್ನು ಎಲ್ಲರಿಗೂ ತೋರಿಸಿ, “ಕೈಯಷ್ಟೇ ಕಾಲೂ ಮುಖ್ಯ. ತಾಳ ಹಾಕೋದು ಅದ್ರಲ್ಲೇ ತಾನೇ?” ಎಂದು ಜೇಬಿಗೆ ಹಾಕಿಕೊಂಡರು. ಅಂದು ಕಛೇರಿಗಿಂತ ಕಾಲುಚೀಲಕ್ಕೇ ಹೆಚ್ಚು ಚಪ್ಪಾಳೆ.

ಭಾನುವಾರ ಬಂದರೆ ಮನೆಯವರನ್ನೆಲ್ಲ ಜೀಪಿಗೆ ತುಂಬಿಕೊಂಡು ದೇವರಮನೆ ಗುಡ್ಡಕ್ಕೆ. ಹುಲ್ಲಿನ ಮೇಲೆ ಚಾಪೆ ಹಾಸಿ, ಪುಳಿಯೋಗರೆ ಬಿಚ್ಚುವ ಮೊದಲು ಕಛೇರಿ. ಒಂದು ಸಲ ನೋಡನೋಡುತ್ತಿದ್ದಂತೆ ಮಂಜು ಕವಿದು, ಪಕ್ಕದಲ್ಲಿ ಕೂತವರ ಮುಖವೂ ಕಾಣದಾಯಿತು. ಭಾವನಿಗೆ ಅದರ ಪರಿವೆಯೇ ಇಲ್ಲ, ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದರು. ಅಷ್ಟರಲ್ಲಿ ಮಂಜಿನ ಆ ಕಡೆಯಿಂದ ಒಂದು ಗಾಬರಿಯ ದನಿ: “ಯಾರ್ರೀ ಅದು? ಪೆಟ್ಟಾಗಿದ್ಯಾ? ಸಹಾಯ ಬೇಕಾ?”

“ಬೇಕು!” ಎಂದು ಭಾವ ಕೂಗಿ ಹೇಳಿದರು. “ತಾಳ ಹಾಕೋಕೆ ಒಬ್ರು ಬೇಕು, ಬೇಗ ಬನ್ನಿ!”

ಬಂದವರು ನಾಲ್ಕೈದು ಕಾಲೇಜು ಹುಡುಗರು. ನಮ್ಮ ಪುಳಿಯೋಗರೆಯನ್ನೆಲ್ಲ ತಿಂದು, ಮಂಜು ಸರಿಯುವ ತನಕ ತಾಳ ಹಾಕಿ ಹೋದರು. ಹೋಗುವಾಗ ಒಬ್ಬ, “ಅಂಕಲ್, ಹತ್ತಿರದಿಂದ ಕೇಳಿದ್ರೆ ಅಷ್ಟೇನೂ ಭಯ ಆಗಲ್ಲ” ಅಂದ. ತಮಗೆ ಇದುವರೆಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದೇ ಎಂದು ಭಾವ ಕೊನೆಯ ತನಕ ಹೇಳಿಕೊಳ್ಳುತ್ತಿದ್ದರು.

ಮಗಳು ಮದುವೆಯಾಗಿ ಹಾಸನಕ್ಕೆ ಹೋದ ಮರುವರ್ಷ, ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತಲು ಬಗ್ಗಿದ ಭಾವನಿಗೆ ಎಡಗೈ ಮೇಲೇಳಲಿಲ್ಲ. ಪಾರ್ಶ್ವವಾಯು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಕಾಲು ಒಂದಷ್ಟು ಸುಧಾರಿಸಿತ್ತು, ಮಾತೂ ತಿರುಗಿತ್ತು. ಎಡಗೈ ಬೆರಳುಗಳು ಮಾತ್ರ ಅಲ್ಲಾಡಲಿಲ್ಲ. ನಾನು ನೋಡಲು ಹೋದಾಗ, “ಮೂಡಿಗೆರೆ ಜನದ ಹರಕೆ ದೇವರಿಗೆ ಕೊನೆಗೂ ಮುಟ್ತು ನೋಡು” ಎಂದು ನಗಿಸಿದರು. ನಾನು ನಕ್ಕು ಹೊರಗೆ ಬಂದೆ. ಅಕ್ಕ ಬಾಗಿಲ ಹತ್ತಿರ ನಿಂತು ಮೆಲ್ಲಗೆ, “ಬಂದೋರ ಮುಂದೆ ಹೀಗೆ ಕಣೆ. ಅವ್ರು ಹೋದ್ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ. ಊಟ ಬೇಕಾ ಅಂದ್ರೂ ಮಾತಿಲ್ಲ” ಎಂದಳು. ಪಿಟೀಲು ಬೀರುವಿನ ಮೇಲೆ ಬಟ್ಟೆ ಹೊದ್ದು ಕೂತಿತ್ತು. ಬಲ್ಬಿನ ಪೆಟ್ಟಿಗೆ ತುಂಬಾ ಔಷಧಿ.

ಮುಂದಿನ ಸಲ ಹೋದಾಗ ಬೀದಿಯಲ್ಲೇ ನನಗೆ ಆ ಭಯಂಕರ ಸದ್ದು ಕೇಳಿಸಿತು. ಓಡಿದೆ. ಒಳಗೆ ಭಾವ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಾರೆ, ತೊಡೆಯ ಮೇಲೆ ಪಿಟೀಲು. ಬಲಗೈಯಲ್ಲಿ ಕಮಾನು. ಎಡಗಡೆಗೆ ಅಂಟಿಕೊಂಡು ಅಕ್ಕ ಕೂತಿದ್ದಾಳೆ. ತಂತಿಗಳ ಮೇಲೆ ಇರುವ ಬೆರಳು ಅವಳದು!

“ಇನ್ನೂ ಕೆಳಗೆ, ಇನ್ನೂ ಕೆಳಗೆ... ಒತ್ತು! ಅಯ್ಯೋ, ಚಟ್ನಿ ಅರೀಬೇಡ ಮಾರಾಯ್ತಿ!”

“ನೀವು ಕಮಾನು ನೆಟ್ಟಗೆ ಎಳೀರಿ ಮೊದ್ಲು.”

“ಸಂಗೀತದ ಗಂಧ ಇದ್ಯಾ ನಿಂಗೆ?”

“ಇಷ್ಟು ವರ್ಷ ಕೇಳಿಲ್ವಾ? ನೀವು ಎಲ್ಲೆಲ್ಲಿ ತಪ್ತೀರಿ ಅಂತ ನಂಗೆ ಬಾಯಿಪಾಠ!”

ಆಮೇಲೆ ತಿಳಿಯಿತು. ಅಕ್ಕನೇ ಒಂದು ದಿನ ಪಿಟೀಲನ್ನು ಕೆಳಗಿಳಿಸಿ, “ಬಲಗೈ ಚೆನ್ನಾಗೇ ಇದ್ಯಲ್ಲ, ಕಮಾನು ನೀವು ಹಿಡೀರಿ. ಎಡಗೈ ನಾನಾಗ್ತೀನಿ” ಎಂದಳಂತೆ. ಅವರಿಬ್ಬರು ಹಿಡಿದದ್ದು ಒಂದು ಜೋಗುಳದ ಮಟ್ಟು, ಮಗಳು ಹುಟ್ಟಿದಾಗ ಭಾವನೇ ಕಟ್ಟಿದ್ದು. ಅದರ ಮೊದಲ ಸಾಲು ಕೂಡಿಬರುವುದಕ್ಕೇ ಒಂದು ಮಳೆಗಾಲ ಕಳೆಯಿತು. ಬೆಳಿಗ್ಗೆ ಕಾಫಿ ಕುಡಿದು ಕೂತರೆ ಜಗಳ, ನಗು, ಮತ್ತೆ ಜಗಳ. ಭಾವ ಗೋಡೆ ಕಡೆ ತಿರುಗಿ ಮಲಗುವುದು ನಿಂತಿತು. ದೀಪಾವಳಿಗೆ ಮಗಳು ಬಂದಾಗ ಅವಳನ್ನು ಎದುರಿಗೆ ಕೂರಿಸಿಕೊಂಡು ಇಬ್ಬರೂ ಆ ಜೋಗುಳವನ್ನು ಕೊನೆಯ ತನಕ ನುಡಿಸಿದರು. ಸುಳ್ಳು ಹೇಳುವುದಿಲ್ಲ, ಅಪಸ್ವರ ಇದ್ದವು. ಮಗಳು ಎದ್ದು ಹೋಗಿ ಅಪ್ಪನ ತೊಡೆಯ ಮೇಲೆ ಮುಖವಿಟ್ಟಳು. ಭಾವ, “ನಿದ್ದೆ ಬಂತು ನೋಡು, ಜೋಗುಳ ಸರಿಯಾಗಿದೆ” ಎಂದರು.

ಅದಾಗಿ ಕೆಲವೇ ತಿಂಗಳಲ್ಲಿ, ಒಂದು ಬೆಳಿಗ್ಗೆ ಎರಡನೇ ಸಲ ಬಂದ ಹೊಡೆತಕ್ಕೆ ಭಾವ ಹೋಗಿಬಿಟ್ಟರು. ಶಿವಗಣಾರಾಧನೆಯ ದಿನ ಊಟಕ್ಕೆ ಕೂತ ಪೇಟೆಯ ಜನ ಒಬ್ಬೊಬ್ಬರೂ ಒಂದೊಂದು ಪಿಟೀಲಿನ ಕಥೆ ಹೇಳಿ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಅಕ್ಕ ಎಲ್ಲರಿಗೂ ನಿಂತು ಬಡಿಸಿದಳು. ಅಳಲಿಲ್ಲ. ಅದೇ ನನಗೆ ದಿಗಿಲು.

ತಿಂಗಳು ಕಳೆದ ಮೇಲೆ ನಾಲ್ಕು ದಿನ ಇದ್ದು ಬರೋಣವೆಂದು ಹೋದೆ. ಮಧ್ಯಾಹ್ನ ಊಟವಾಗಿ ನಾನು ಹಜಾರದಲ್ಲಿ ಹಾಗೇ ಅಡ್ಡಾಗಿದ್ದೆ. ಎಚ್ಚರವಾದಾಗ ಮನೆಯೊಳಗೆ ಸದ್ದೇ ಇರಲಿಲ್ಲ. ಕೋಣೆಯಲ್ಲಿ ಇಣುಕಿ ನೋಡಿದರೆ ಅಕ್ಕ ಮಂಚದ ಎಡತುದಿಯಲ್ಲಿ, ಬಲಕ್ಕೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದಳು. ಪಿಟೀಲು ಅರ್ಧ ಅವಳ ತೊಡೆಯ ಮೇಲೆ, ಅರ್ಧ ಆ ಖಾಲಿ ಜಾಗದ ಮೇಲೆ. ಅವಳ ಎಡಗೈ ಬೆರಳುಗಳು ತಂತಿಗಳ ಮೇಲೆ ಒಂದೊಂದಾಗಿ ಒತ್ತುತ್ತಾ, ಜಾರುತ್ತಾ, ನಿಲ್ಲುತ್ತಾ ಹೋಗುತ್ತಿದ್ದವು. ಸ್ವಲ್ಪವೂ ಸದ್ದಿಲ್ಲ.

“ಅಕ್ಕಾ, ಕಮಾನು ತಂದುಕೊಡ್ಲಾ?” ಎಂದೆ.

ಅಕ್ಕ ತಲೆ ಎತ್ತಲಿಲ್ಲ.

“ಬೇಡ ಕಣೆ, ಅದು ಅವ್ರ ಕೆಲ್ಸ” ಎಂದಳು. “ಸುಮ್ನಿರು, ಈಗ ಅವ್ರು ತಪ್ಪೋ ಜಾಗ ಬರುತ್ತೆ.”