ಎಲ್ಲರ ಎರಡನೇ ಆಯ್ಕೆ

ಪ್ರಶ್ನೆ ಕೇಳುವುದು ಸುಲಭವೆಂದು ತಿಳಿದವರು ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು ನೋಡಬೇಕು. ಐರೋಲಿಯ ಒಂದು ಆಫೀಸಿನಲ್ಲಿ ಆನ್‌ಲೈನ್ ಸಮೀಕ್ಷೆಗಳಿಗೆ ಪ್ರಶ್ನೆ ಬರೆಯುವುದೇ ನನ್ನ ಹೊಟ್ಟೆಪಾಡು. ಶಾಂಪೂವಿನಲ್ಲಿ ನಿಮಗೆ ಪರಿಮಳ ಮುಖ್ಯವೋ, ನೊರೆಯೋ, ಬಾಟಲಿಯ ಅಂದವೋ, ಇಷ್ಟದ ಕ್ರಮದಲ್ಲಿ ಜೋಡಿಸಿ ಎಂದು ಊರಿಗೆಲ್ಲ ಹೇಳುವ ನನಗೆ, ಬೆಳಿಗ್ಗೆ ಹೆಂಡತಿ ವಿದ್ಯಾ "ಉಪ್ಪಿಟ್ಟೋ, ಅವಲಕ್ಕಿಯೋ?" ಎಂದರೆ ಬಾಯಿ ಕಟ್ಟಿಹೋಗುತ್ತದೆ.

ನನ್ನ ಈ ಕಸುಬಿನ ಸುದ್ದಿ ಠಾಕುರ್ಲಿಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಕುಲಕರ್ಣಿಯವರ ಕಿವಿಗೆ ಬಿತ್ತು. ಈ ವರ್ಷ ಕಟ್ಟಡಕ್ಕೆ ಒಂದೇ ಒಂದು ಹೊಸ ಸೌಕರ್ಯ ಎಂದು ತೀರ್ಮಾನವಾಗಿತ್ತು. ಯಾವುದು ಎಂಬುದರ ಮೇಲೆ ಕನ್ನಡ, ಮರಾಠಿ, ಹಿಂದಿಗಳಲ್ಲಿ ಜಗಳವೂ ಆಗಿತ್ತು. ಧಾರವಾಡ ಕಡೆಯ ಕುಲಕರ್ಣಿಯವರು, "ನೀವೇ ಒಂದು ಸರ್ವೇ ಮಾಡ್ರಿ. ಕೂಗಾಟ ಇಲ್ಲದಂಗ ಕೆಲಸ ಮುಗೀತದ," ಎಂದರು.

ಜಿಮ್, ಕ್ಯಾಮೆರಾ, ಪಾರ್ಕಿಂಗ್ ಗೆರೆ, ಗೇಟಿಗೆ ಬಣ್ಣ ಎಂದು ಬರೆದೆ. "ರೀ, ಲಿಫ್ಟ್ ಹತ್ರ ಒಂದು ಬೆಂಚೂ ಸೇರಿಸಿ. ಪಾಪ, ಸುಂದರಿ ಅಜ್ಜಿ ಗೋಡೆ ಹಿಡ್ಕೊಂಡು ನಿಂತಿರ್ತಾರೆ," ಎಂದಳು ವಿದ್ಯಾ. ನಾಲ್ಕನೇ ಮಹಡಿಯ ಸುಂದರಿ ಅಜ್ಜಿ ಉಡುಪಿ ಕಡೆಯವರು. ಮಂಡಿ ನೋವಿದ್ದರೂ ತರಕಾರಿ ಚೀಲ ತಾವೇ ಹೊತ್ತು ತರುತ್ತಾರೆ. ನಮ್ಮ ಲಿಫ್ಟೋ, ಮನಸ್ಸು ಬಂದಾಗ ಕೆಳಗಿಳಿಯುವಂಥದ್ದು. ಬೆಂಚನ್ನೂ ಸೇರಿಸಿ, ಐದನ್ನೂ ಇಷ್ಟದ ಕ್ರಮದಲ್ಲಿ ಜೋಡಿಸಿ ಎಂದು ಕೇಳಿದೆ. ಪಟ್ಟಿಯಲ್ಲಿ ಮೇಲಿದ್ದದ್ದನ್ನೇ ಜನ ಯೋಚಿಸದೆ ಮೊದಲ ಸ್ಥಾನದಲ್ಲಿ ಹಾಗೇ ಬಿಟ್ಟುಬಿಡುತ್ತಾರೆ. ಹಾಗಾಗದಿರಲೆಂದು ಒಬ್ಬೊಬ್ಬರ ಮೊಬೈಲಿನಲ್ಲಿ ಒಂದೊಂದು ಕ್ರಮ ಕಾಣುವಂತೆ ಮಾಡಿದೆ. ಎಲ್ಲರಿಗೂ ಕಳಿಸಿದ ತಕ್ಷಣ ಕುಲಕರ್ಣಿಯವರ ಫೋನು: "ನನಗ ಗೇಟು ಮ್ಯಾಲೆ ಬಂದದ, ನಮ್ಮ ಮನಿಯವರಿಗೆ ಜಿಮ್ ಬಂದದ. ಏನ್ ಮಸಲತ್ರೀ ಇದು?"

ಭಾನುವಾರದ ಮೀಟಿಂಗಿನಲ್ಲಿ ಲ್ಯಾಪ್‌ಟಾಪ್ ತೆರೆದು ಗತ್ತಿನಿಂದ ಫಲಿತಾಂಶ ಓದಿದೆ. ಮೊದಲ ಸ್ಥಾನ ಹೆಚ್ಚು ಸಿಕ್ಕಿದ್ದು ಜಿಮ್‌ಗೆ. ಬೆಂಚನ್ನು ಮೊದಲಿಟ್ಟವರು ಒಬ್ಬರೂ ಇಲ್ಲ. ಹಿಂದಿನ ಸಾಲಿನಲ್ಲಿದ್ದ ಅಜ್ಜಿ, "ಬಿಡಿ, ನನಗೆ ನಿಂತು ಅಭ್ಯಾಸ ಉಂಟು," ಎಂದರು. ಆಗಲೇ ವಿದ್ಯಾ ಮೆಲ್ಲಗೆ, "ಮೊದಲನೇದು ಮಾತ್ರ ನೋಡೋದಾದ್ರೆ ಐದನ್ನೂ ಯಾಕೆ ಜೋಡಿಸೋಕೆ ಹೇಳಿದ್ರಿ?" ಎಂದಳು.

ಆಫೀಸಿನಲ್ಲಿ ಹೊಸಬರಿಗೆ ನಾನೇ ಕಲಿಸುವ ಪಾಠ ಅದು. ಮುಖ ತಗ್ಗಿಸಿ ಪ್ರತಿಯೊಂದರ ಸರಾಸರಿ ಸ್ಥಾನ ತೆಗೆದೆ. ಜಿಮ್ಮನ್ನು ಹುಡುಗರು ಮೊದಲಿಟ್ಟಿದ್ದರೆ ಉಳಿದವರು ತಳಕ್ಕೆ ತಳ್ಳಿದ್ದರು. ಬೆಂಚು ಮಾತ್ರ ಹೆಚ್ಚುಕಡಿಮೆ ಎಲ್ಲರಲ್ಲೂ ಎರಡನೆಯದು. ಸರಾಸರಿಯಲ್ಲಿ ಅದೇ ಎಲ್ಲಕ್ಕಿಂತ ಮೇಲೆ. ಮೊದಲ ಜಾಗದಲ್ಲಿ ತಂತಮ್ಮ ಆಸೆಯನ್ನಿಟ್ಟು, ಅದರ ಪಕ್ಕದಲ್ಲೇ ಎಲ್ಲರೂ ಅಜ್ಜಿಯನ್ನು ಕೂರಿಸಿದ್ದರು. ಕುಲಕರ್ಣಿಯವರು ಕನ್ನಡಕ ಒರೆಸಿಕೊಂಡರು.

"ನೀವೂ ಎರಡನೇದೇ ಕೊಟ್ರಾ ಅಜ್ಜಿ?" ಎಂದು ಕೇಳಿದೆ.

"ಇಲ್ಲಪ್ಪ, ನಾನು ಅದನ್ನು ಕೊನೆಗೆ ಹಾಕಿದ್ದು. ನನ್ನೊಬ್ಬಳಿಗೋಸ್ಕರ ಯಾಕೆ ಅಂತ."

ಜಿಮ್ ಕೇಳಿದ್ದ ಹುಡುಗರೇ ಬೆಂಚನ್ನು ಹೊತ್ತು ತಂದು ಲಿಫ್ಟಿನ ಪಕ್ಕ ಇಟ್ಟರು. ಸಂಜೆ ಐರೋಲಿಯಿಂದ ಲೋಕಲ್ ರೈಲಿನಲ್ಲಿ ಠಾಣೆ ಜಂಕ್ಷನ್ನಿಗೆ ಬಂದು, ಅಲ್ಲಿ ಇನ್ನೊಂದಕ್ಕೆ ಬದಲಿಸಿ, ಉದ್ದಕ್ಕೂ ನಿಂತೇ ಬರುವ ನಾನು ಈಗ ದಿನವೂ ಅದರ ಮೇಲೆ ಕುಸಿಯುತ್ತೇನೆ. ಅಜ್ಜಿ ಚೀಲ ಹಿಡಿದು ಬಂದಾಗ ನಾಚಿಕೆಯಿಂದ ಏಳಹೋದರೆ, "ಕೂತ್ಕೊಳ್ಳಿ ಮಾರಾಯ್ರೆ, ಇಬ್ಬರಿಗೂ ಜಾಗ ಉಂಟು," ಎನ್ನುತ್ತಾರೆ. ಮಾತಿಗೆ ಕೂತರೆ ಲಿಫ್ಟ್ ಬಂದದ್ದೂ ಹೋದದ್ದೂ ಇಬ್ಬರಿಗೂ ತಿಳಿಯುವುದಿಲ್ಲ. ಆಮೇಲೆ ವಿದ್ಯಾಳ ಫೋನು ಬರುತ್ತದೆ: "ಮನೆಗೆ ಎಷ್ಟನೇ ಸ್ಥಾನ ಅಂತ ಹೇಳಿಬಿಡಿ." ಇಂಥ ಪ್ರಶ್ನೆಗೆ ತೆಪ್ಪಗೆ ಲಿಫ್ಟ್ ಹತ್ತುವುದೊಂದೇ ಉತ್ತರ.