ಸತ್ತ ಹುಳದ ಸೂಜಿ

ಸೂಜಿ ಹಿಡಿದು ಊರೂರು ಅಲೆಯುವ ನರ್ಸು ನಗುವನ್ನು ಹುಡುಕಬೇಕಾಗಿಲ್ಲ. ಅದೇ ಮುಂದಿನ ಮನೆಯಲ್ಲಿ ಕೂತು ಕಾಯುತ್ತಿರುತ್ತದೆ. ಕೊಳ್ಳೇಗಾಲದ ಸುತ್ತ ನಾನು ಕಾಲರಾ ಸೂಜಿ ಹಾಕುತ್ತಿದ್ದ ಕಾಲದ ಮಾತಿವು.

ಸೂತಕ

ಮುಳ್ಳೂರಿನ ಯಜಮಾನರೊಬ್ಬರು ಔಷಧಿ ಸೀಸೆಯನ್ನು ಬಿಸಿಲಿಗೆ ಹಿಡಿದು, "ಇದ್ರೊಳಗೆ ಏನವ್ವ ಅದೆ?" ಎಂದರು.

"ಕಾಲರಾ ಹುಳ. ಹೆದರಬೇಡಿ, ಎಲ್ಲ ಸತ್ತಿವೆ. ಸತ್ತದ್ದನ್ನು ನೋಡಿ ನಿಮ್ಮ ರಕ್ತ ಗುರುತಿಟ್ಟುಕೊಳ್ಳುತ್ತೆ. ನಾಳೆ ಜೀವ ಇರೋದು ಬಂದರೆ ಹೊಡೆದು ಹಾಕುತ್ತೆ."

ಸೀಸೆ ನನ್ನ ಕೈಗಿಟ್ಟು ತೋಳು ಕೊಟ್ಟರು. ಸೂಜಿ ತೆಗೆದದ್ದೇ ತಡ, ಬಾವಿಗೆ ಹೋಗಿ ತಲೆಗೆ ನೀರು ಸುರಿದುಕೊಂಡು ಬಂದರು. "ಸತ್ತೋಗಿರೋದ್ನ ಮೈಯೊಳಿಕ್ಕೇ ಬುಟ್ಕಂಡಿವ್ನಿ ಕಣವ್ವ. ಸೂತ್ಕ ಇವತ್ಗೇ ಕಳೀತಾ, ಇಲ್ಲಾ ತಿಥಿ ಗಂಟ ಅದಾ?"

ಕಾಫಿ ತೋಟದಲ್ಲಿ ಪಾಠ

ಎಪ್ಪತ್ತರ ದಶಕದಲ್ಲಿ ಯಳಂದೂರಿಗೆ ಒಬ್ಬ ಹೊಸ ಡಾಕ್ಟರು ಬಂದರು. ಪಾಠ ಮಾಡುವ ಚಟ. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದಲ್ಲಿ ಆಳುಗಳನ್ನು ಕೂರಿಸಿ ಶುರು ಮಾಡಿದರು:

"ರಕ್ತದಲ್ಲಿ ಟಿ ಕಣ ಅಂತ ಇವೆ, ರೋಗದ ಮೇಲೆ ಬೀಳೋ ಜಾತಿ. ಸತ್ತ ಹುಲಿ ತೋರಿಸಿದರೆ ನಾಯಿ ಬೊಗಳೋದು ಕಲಿಯುತ್ತೆ, ಮೇಲೆ ಬೀಳೋದು ಅಷ್ಟಾಗಿ ಕಲಿಯಲ್ಲ. ಸತ್ತ ಕ್ರಿಮಿ ಕಂಡರೆ ಟಿ ಕಣವೂ ಹಾಗೇ, ಅರೆನಿದ್ದೆಯಲ್ಲೇ ಇರುತ್ತೆ. ಅದಕ್ಕೇ ಮತ್ತೆ ಮತ್ತೆ ಸೂಜಿ."

"ಅಂಗಾರೆ ಒಂದ್ಸಲ ಜೀವ ಇರೋ ಹುಲಿನೇ ಬುಟ್ಬುಡಿ ಸಾ," ಎಂದ ಹಿಂದೆ ಕೂತವನೊಬ್ಬ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟರಲ್ಲಿ ಆಳುಗಳ ಮೇಸ್ತ್ರಿ ಎದ್ದು ಕೈಮುಗಿದ. "ಅದಿರ್ಲಿ ಸಾ. ನಾವು ಉಟ್ಟಾಗಿಂದ್ಲೂ ಕಾಪಿ ಕುಡಿಯೋರು. ನಮ್ ಮೈಲಿ ಟೀ ಕಣ ಎಲ್ಲಿಂದ ಬಂದದು?"

ಪೈಲ್ವಾನ

ಇದು ಅದಕ್ಕೂ ಹಿಂದಿನದು. ಹನೂರಿನ ಕಡೆ ವಾಂತಿಭೇದಿ ಎದ್ದಿತ್ತು, ಸಾವೂ ಆಗಿತ್ತು. ನನಗೆ ನಗುವೇ ಮರೆತುಹೋಗಿದ್ದ ದಿನಗಳು. ಕೌದಳ್ಳಿಯ ಹತ್ತಿರದ ಒಂದು ಊರಲ್ಲಿ ಯಾರೂ ತೋಳು ಕೊಡಲೊಲ್ಲರು. "ಪೈಲ್ವಾನಣ್ಣ ಆಕುಸ್ಕಂಡ್ರೆ ನಾವೂ ಆಕುಸ್ಕತೀವಿ" ಎಂದುಬಿಟ್ಟರು.

ಪೈಲ್ವಾನ ಜಗಲಿಯ ಕಲ್ಲುಕಂಬಕ್ಕೆ ಒರಗಿ ಕೂತಿದ್ದ. "ನನ್ಗೆ ಯಾವ ಕಾಯ್ಲೆ ಬಂದದು ಬುಡಕ್ಕಾ," ಎಂದು ಮೀಸೆ ತಿರುವಿದ.

"ತೋಳ್ ಕೊಡ್ಲಾ ಸುಮ್ಕೆ!" ಎಂದು ಒಳಗಿಂದ ಬಂದ ಅವನ ತಾಯಿ ಕಿವಿ ಹಿಂಡಿದಳು.

ಕೊಟ್ಟ. ಸೂಜಿ ಚರ್ಮಕ್ಕೆ ತಾಗಿದ್ದೇ ಸರಿ, ಆ ದೊಡ್ಡ ದೇಹ ಮುಂದಕ್ಕೆ ಮಗುಚಿ ಬೀದಿಗೆ ಬಿತ್ತು. ಇನ್ನು ಊರಿಗೆ ಊರೇ ಓಡುತ್ತದೆ ಎಂದುಕೊಂಡು ನಾನು ಅವನ ಮುಖಕ್ಕೆ ನೀರು ಚಿಮುಕಿಸಿದೆ.

ಮುದುಕಿ ಜಗಲಿ ಮೇಲಿಂದಲೇ ಕೂಗಿದಳು: "ನೋಡ್ರುಲಾ! ಸತ್ತೋಗಿರೋ ಹುಳನೇ ನನ್ ಮಗನ್ನ ಕೆಡವ್ತು. ಜೀವ ಇರದು ಬಂದ್ರೆ ನಿಮ್ ಗತಿ ಏನ್ರುಲಾ?"

ಇಡೀ ಊರು ತೋಳು ಏರಿಸಿಕೊಂಡು ನನ್ನ ಮೇಲೇ ನುಗ್ಗಿತು.

ಆ ಗದ್ದಲದಲ್ಲಿ ಪೈಲ್ವಾನ ಕಣ್ಣು ಬಿಟ್ಟ. ಮೆಲ್ಲಗೆ ನನ್ನ ಸೆರಗು ಜಗ್ಗಿ, "ನಾನ್ ಬೀಳ್ನಿಲ್ಲ ಕಣಕ್ಕ," ಎಂದ. "ಆ ಕಂಬನೇ ತಳ್ತು."