ಕೂದಲಷ್ಟೂ ಸವೆಯದ ಬಲಗಡೆಯ ಬ್ರೇಕಿನವರ ಸನ್ನಿಧಿಗೆ

ಹಿರೇಕೆರೂರು,
೧೯೩೮ರ ದೀಪಾವಳಿ ಹೇಗೋ ಕಳೆದ ಮೇಲೆ

ನನ್ನ ಮೋಟಾರಿನ ಮುಂದಿನ ಬಲಗಾಲಿಯೊಳಗೆ ಸುಖವಾಗಿ ವಾಸವಾಗಿರುವ ಬ್ರೇಕು ಮಹಾಶಯರಿಗೆ,

ಮಾನ್ಯರೇ,

ತಮ್ಮ ನಿದ್ದೆಗೆ ಎಂದೂ ಭಂಗ ಬಾರದಿರಲಿ ಎಂದು ಹಾರೈಸುತ್ತಲೇ ಭಂಗ ತರುತ್ತಿರುವುದಕ್ಕೆ ಕ್ಷಮೆ ಬೇಡಿ, ಈ ಮೋಟಾರಿನ ಮಾಲಕನೆಂದು ಊರವರು ಭ್ರಮಿಸಿರುವ ಕುಬೇರಪ್ಪನು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಹಾನಗಲ್ಲಿನ ನಿವೃತ್ತ ಅಧಿಕಾರಿಯೊಬ್ಬರು ಓಡಿಸಿ ಬೇಸತ್ತ ಈ ಮೋಟಾರನ್ನು ನಾನು ಕೊಂಡು ತಂದಂದಿನಿಂದ ಅದಕ್ಕೊಂದು ಚಾಳಿ ಇರುವುದು ತಮಗೆ ತಿಳಿದೇ ಇದೆ. ಬ್ರೇಕು ತುಳಿದರೆ ಸಾಕು, ನಿಲ್ಲುವ ಮೊದಲು ಎಡಕ್ಕೆ ಹೊರಳುತ್ತದೆ. ಹೀಗೆ ಹೊರಳಿ ಸಂತೆಯ ಬದನೆಕಾಯಿ ರಾಶಿಯನ್ನು ಹೊಕ್ಕಿತು, ಚಾವಡಿಯ ಕಟ್ಟೆಯನ್ನು ಗುದ್ದಿತು, ಒಮ್ಮೆ ಕ್ಷೌರದಂಗಡಿಯೊಳಗೆ ಮೂತಿ ತೂರಿಸಿ, ಅರ್ಧ ಗಡ್ಡ ಬೋಳಿಸಿಕೊಂಡಿದ್ದ ನೀಲಪ್ಪನನ್ನು ಊರಾಚೆಗೆ ಓಡಿಸಿತು. ಆತ ಇನ್ನೂ ಉಳಿದರ್ಧದೊಂದಿಗೇ ತಿರುಗುತ್ತಿದ್ದಾನೆ.

ಸವಣೂರಿನ ಮಿಸ್ತ್ರಿ ಫಕ್ರುಸಾಬನು ಬಂದು ಮುಂದಿನ ಎರಡೂ ಗಾಲಿ ಬಿಚ್ಚಿದಾಗ, ಗಾಲಿಗೆ ತಿಕ್ಕಿ ನಿಲ್ಲಿಸುವ ಎಡಗಡೆಯ ಪಟ್ಟಿ ಹಪ್ಪಳದಷ್ಟು ತೆಳ್ಳಗಾಗಿತ್ತು. ತಾವು ಮಾತ್ರ ನಿನ್ನೆ ಕಾರಖಾನೆಯಿಂದ ಇಳಿದವರಂತೆ ದಪ್ಪಗೆ ಹೊಳೆಯುತ್ತಿದ್ದಿರಿ. "ಎಡಗಡಿದು ಖೋಟಾ ಮಾಲು ಸಾಹುಕಾರ್ರ! ಬಲಗಡಿದು ನೋಡ್ರಿ, ಅಸಲ ವಿಲಾಯತಿ, ಕೂದಲಷ್ಟೂ ಸವದಿಲ್ಲ" ಎಂದು ಆತ ತಮಗೆ ಸಲಾಮು ಹೊಡೆದನು. ನಾನೂ ನಂಬಿದೆ. ಎಡಗಡೆಯವನನ್ನು ಕಿತ್ತೊಗೆದು ಹೊಸಬನನ್ನು ಹಾಕಿಸಿದೆ. ಅವನೂ ಸವೆದಾಗ ಅವನ ವಂಶವನ್ನೇ ಬೈದು ಮತ್ತೊಬ್ಬನನ್ನು ತಂದೆ. ಆಯುಧಪೂಜೆಯ ದಿನವಂತೂ ತಮ್ಮ ಗಾಲಿಗೆ ವಿಭೂತಿ, ಚೆಂಡುಹೂವಿನ ಮಾಲೆ, ಒಡೆದ ತೆಂಗಿನಕಾಯಿ. ಎಡಗಾಲಿಗೆ ಕಾಯಿಯ ನೀರು ಸಿಡಿದದ್ದೇ ಪ್ರಸಾದ.

ದೀಪಾವಳಿಗೆಂದು ನನ್ನ ಹೆಂಡತಿ ವೀರವ್ವನನ್ನು, ಒಂದು ಬುಟ್ಟಿ ಹೋಳಿಗೆಯ ಸಮೇತ, ಅವಳ ತವರಾದ ಮಾಸೂರಿಗೆ ಮೋಟಾರಿನಲ್ಲೇ ಕರೆದೊಯ್ಯುವುದಾಗಿ ನಾನು ಊರೆಲ್ಲ ಸಾರಿಕೊಂಡಿದ್ದೆ. ಮದಗದ ಕೆರೆಯ ಏರಿಯ ಮೇಲೆ ಎಮ್ಮೆಯೊಂದು ಅಡ್ಡ ಬಂತು. ತುಳಿದೆ. ಎಮ್ಮೆ ಬಲಕ್ಕಿತ್ತು, ಕೆರೆ ಎಡಕ್ಕಿತ್ತು, ಮುಂದಿನದನ್ನು ತಾವೇ ಊಹಿಸಬಹುದು. ಈ ವರ್ಷ ದೀಪಾವಳಿಯನ್ನು ಅದ್ದೂರಿಯಿಂದ ಆಚರಿಸಿದ್ದು ಮದಗದ ಮೀನುಗಳು.

ಮೊಣಕಾಲುದ್ದ ಕೆಸರಿನಲ್ಲಿ ನಿಂತು ವೀರವ್ವ ಹೇಳಿದ್ದನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ: "ಅಲ್ರೀ, ಸವದಿಲ್ಲ ಅಂದ್ರ ದುಡದಿಲ್ಲ ಅಂತ ತಿಳಿಯಂಗಿಲ್ಲೇನು? ಜೋಡೆತ್ತಿನಾಗ ಯಾವುದರ ಲಾಳ ಹೊಸಾದ ಇರತೈತಿ, ಅದ ಮೈಗಳ್ಳ! ಈ ಗಾಡಿ ನಮ್ಮಣ್ಣನ ಬಾಗಲದಾಗ ನೆಟ್ಟಗ ನಿಂದರೂ ತನಕ ನಾ ಹಿರೇಕೆರೂರಿಗೆ ಬರಂಗಿಲ್ಲ." ಹೀಗೆಂದವಳು ಖಾಲಿ ಬುಟ್ಟಿಯನ್ನು ತಲೆಯ ಮೇಲಿಟ್ಟು ತವರಿಗೆ ನಡೆದೇಬಿಟ್ಟಳು.

ಮರಳಿ ಬಿಚ್ಚಿಸಿ ನೋಡಿದರೆ, ತಮ್ಮನ್ನು ಅಲುಗಿಸಬೇಕಾದ ಸರಳು ತುಕ್ಕು ಹಿಡಿದು ಸಮಾಧಿಸ್ಥವಾಗಿತ್ತು. ಇಡೀ ಮೋಟಾರನ್ನು ಎಡಗಡೆಯವನೊಬ್ಬನೇ ಹಿಡಿದು ನಿಲ್ಲಿಸುತ್ತಿದ್ದ; ಹಿಡಿದ ಕಡೆಗೇ ಅದು ತಿರುಗುತ್ತಿತ್ತು. ಫಕ್ರುಸಾಬನು ಸರಳಿಗೆ ಸೀಮೆಎಣ್ಣೆ ಹೊಯ್ಯುತ್ತ "ನಾ ಮೊದಲ ಹೇಳಿದ್ದಿಲ್ಲೇನ್ರಿ?" ಎಂದನು. ಹೇಳಿರಲಿಲ್ಲ.

ಆದರೂ, ಮಾನ್ಯರೇ, ತಮ್ಮ ಮೇಲೆ ನನಗೆ ಒಳಗೊಳಗೇ ಅಭಿಮಾನ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ತಾವು ಎರಡಾಗಿ ಪಾಲು ಮಾಡಿ, ಕೆಸರನ್ನು ಎಡಗಡೆಯವನಿಗೆ ಕೊಟ್ಟು ಮೊಸರನ್ನು ತಾವು ಇಟ್ಟುಕೊಂಡಿರಿ. ಇದು ನಮ್ಮ ಮನೆತನದ್ದೇ ಗುಣ. ತಲೆಮಾರುಗಳಿಂದ ನಮ್ಮ ಗಂಡಸರ ಅಂಗೈ ಸವಣೂರಿನ ಎಳೆ ವೀಳ್ಯದೆಲೆಯಷ್ಟೇ ಮೆತ್ತಗೆ. ಮನೆಯ ಕೆಲಸವೆಲ್ಲ ತಾನಾಗಿಯೇ ಆಗುತ್ತದೆ, ಹೇಗೆಂದು ನಾವು ಕೇಳಿದವರಲ್ಲ.

ಈಗ ಕೇಳುವಂತಾಗಿದೆ. ವೀರವ್ವ ಇಲ್ಲದ ಮನೆಯಲ್ಲಿ ಹೊತ್ತು ಹೊತ್ತಿಗೆ ಚುರುಮುರಿ ತಿನ್ನುತ್ತಿದ್ದೇನೆ. ಬೈಯುವವರಿಲ್ಲದೆ ಮನೆ ಬಣಗುಡುತ್ತದೆ, ನಿಜಕ್ಕೂ ತಡೆಯಲಾಗುತ್ತಿಲ್ಲ. ಆದಕಾರಣ ಬರುವ ಸೋಮವಾರ ಮಾಸೂರಿನಲ್ಲಿ ನನ್ನ ಭಾವ ದ್ಯಾಮಪ್ಪನ ಬಾಗಿಲೆದುರು ತಾವು ಒಂದೇ ಒಂದು ಸಲ ಗಾಲಿ ಹಿಡಿಯುವ ಕೃಪೆ ಮಾಡಬೇಕು. ದಾರಿಯುದ್ದಕ್ಕೂ ಬೇಕಾದರೆ ಮಲಗಿರಿ. ಎಮ್ಮೆಗಳಿಗೆ ನಾನೇ ಮುಂಚಿತವಾಗಿ ವಿನಂತಿಸಿಕೊಳ್ಳುತ್ತೇನೆ. ದಣಿವಾದೀತೆಂದು ಅಭ್ಯಂಗನ ಮಾಡಿಸೋಣವೆಂದರೆ, ಎಣ್ಣೆ ತಾಗಿದರೆ ತಾವು ಮತ್ತೆ ಕೆಲಸದಿಂದ ಜಾರುತ್ತೀರಂತೆ.

ಬ್ರೇಕು ತುಳಿದಾಗಲೆಲ್ಲ ಮೊದಲು ತಮ್ಮನ್ನು, ಆಮೇಲೆ ಬಸವಣ್ಣನನ್ನು ನೆನೆಯುವ

ತಮ್ಮ ವಿಶ್ವಾಸಿ,
ಕುಬೇರಪ್ಪ

ತಾ.ಕ.: ಸೋಮವಾರ ತಾವು ದುಡಿದಿರಿ. ಮೋಟಾರು ಬಾಗಿಲೆದುರು ಗೆರೆ ಕೊರೆದಂತೆ ನೆಟ್ಟಗೆ ನಿಂತಿತು, ಓಣಿಯೆಲ್ಲ ಶಹಬ್ಬಾಸ್ ಎಂದಿತು. ವೀರವ್ವ ಹೊರಗೆ ಬಂದು ಗಾಲಿ ನೋಡಿದಳು. "ಇದರ ಮೈಗಳ್ಳತನ ಬಿಡಿಸಿದ್ರಿ, ಚಲೋ ಆತು. ಈಗ ನಿಮ್ಮ ಅಂಗೈ ತೋರಸ್ರಿ" ಎಂದಳು. ತೋರಿಸಿದೆ. "ಇವೂ ಹೊಸಾವ ಅದಾವಲ್ರೀ" ಎಂದು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಅಂದಿನಿಂದ ಬಾವಿಯ ನೀರು ಸೇದುವುದು, ಕಟ್ಟಿಗೆ ಒಡೆಯುವುದು ನನ್ನದೇ ಪಾಲು. ನಾಳೆ ಮತ್ತೆ ಮಾಸೂರಿಗೆ ಹೋಗಿ ಅಂಗೈಯ ಬೊಬ್ಬೆಗಳನ್ನು ತೋರಿಸುವವನಿದ್ದೇನೆ. ತಾವು ಸಿಕ್ಕಿಬೀಳದಿದ್ದರೆ ನಾನೂ ಸಿಕ್ಕಿಬೀಳುತ್ತಿರಲಿಲ್ಲ ಎಂಬುದೇ ನನ್ನ ನಿಜವಾದ ತಕರಾರು. ಈ ಸಾಲುಗಳು ಎಡಕ್ಕೆ ಎಳೆಯುತ್ತಿದ್ದರೆ ಮನ್ನಿಸಬೇಕು. ನನ್ನ ಬಲಗೈ ಈಗಷ್ಟೇ ದುಡಿಯಲು ಕಲಿಯುತ್ತಿದೆ.